ಗಾಳಿ ಕಯಾಕ್‌ಗೆ ಯಾವ ಗಾಲಿ?

ಹೋದ ಸಂಚಿಕೆಯಲ್ಲಿ ಗಾಳಿ ತುಂಬುವ ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿಯ ಬಗ್ಗೆ ಒಂದು ಸಣ್ಣ ಉತ್ತರ ಕೊಟ್ಟಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಹುಟ್ಟು ಹಾಕುವುದು ಹೇಗೆ ಅಂತ ಕೇಳಿದವರು ಕಡಿಮೆ. ಕಯಾಕ್ ಅನ್ನು ನೀರಿನವರೆಗೆ ಸಾಗಿಸುವುದು ಹೇಗೆ ಅಂತ ಕೇಳಿದವರೇ ಜಾಸ್ತಿ. ಹಾಗಾಗಿ ಈ ಸಲ ಕಯಾಕ್ ಇಟ್ಟು ಎಳೆಯುವ ಎರಡು ಚಕ್ರದ ಗಾಡಿಯ ಪ್ರಶ್ನೆಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಾಡಿ ಆರಿಸುವಾಗ ಎಲ್ಲರೂ ಕಯಾಕ್ ನೋಡುತ್ತಾರೆ. ಅದಕ್ಕಿಂತ ಮೊದಲು ನೆಲ ನೋಡಿ.

ಪ್ರಶ್ನೆ: ಸರ್, ನಮ್ಮದು ಇಂಟೆಕ್ಸ್ ಎಕ್ಸ್‌ಪ್ಲೋರರ್ ಕೆ2, ಇಬ್ಬರು ಕೂರುವಂಥದ್ದು. ಮನೆಯಿಂದ ಹೊಳೆಗೆ ಅರ್ಧ ಕಿಲೋಮೀಟರ್. ಮೊದಲು ಡಾಂಬರು, ಆಮೇಲೆ ತೋಟದ ದಾರಿ, ಕೊನೆಗೆ ಕೆಸರು. ಆನ್‌ಲೈನ್‌ನಲ್ಲಿ ನೋಡಿದರೆ ಹತ್ತಾರು ಬಗೆಯ ಗಾಡಿಗಳಿವೆ. ಯಾವುದು ತೆಗೆದುಕೊಳ್ಳಲಿ? (ಬ್ರಹ್ಮಾವರದಿಂದ ಒಬ್ಬ ಓದುಗರು)

ಉತ್ತರ: ಮೊದಲು ಇದು ಹೇಳಿ, ಗಾಳಿ ಮನೆಯಲ್ಲೇ ತುಂಬುತ್ತೀರೋ, ದಡದಲ್ಲಿ ತುಂಬುತ್ತೀರೋ? ಇದು ತೀರ್ಮಾನವಾಗದೆ ಗಾಡಿ ಕೊಳ್ಳಬೇಡಿ. ಮಡಚಿಟ್ಟ ಕಯಾಕ್‌ಗೆ ಕಯಾಕ್ ಗಾಡಿಯೇ ಬೇಡ, ಸಾಮಾನು ಎಳೆಯುವ ಮಡಚುವ ಟ್ರಾಲಿ ಸಾಕು, ಅದು ಎಷ್ಟೋ ಅಗ್ಗ. ಕೈಪಂಪಿನಲ್ಲಿ ಗಾಳಿ ತುಂಬಲು ಹತ್ತು ಹದಿನೈದು ನಿಮಿಷ, ಅಷ್ಟೇ ತಾನೇ? ಆದರೆ ನಿಮ್ಮ ದಾರಿಯ ಕೊನೆಯಲ್ಲಿ ಕೆಸರಿದೆ ಅಂತೀರಿ. ಕೆಸರಿನಲ್ಲಿ ಚಾಪೆ ಹಾಸಿ ಪಂಪ್ ಹೊಡೆಯುವುದು, ವಾಪಸ್ ಬಂದು ಒದ್ದೆ ಕೆಸರಿನ ಸಮೇತ ಮಡಚುವುದು, ಇದೆಲ್ಲ ಎರಡು ಸಲ ಮಾಡಿದರೆ ಮೂರನೇ ಸಲ ಕಯಾಕ್ ಅಟ್ಟದಿಂದ ಇಳಿಯುವುದಿಲ್ಲ. ನಿಮ್ಮ ಮಟ್ಟಿಗೆ ಮನೆಯ ಅಂಗಳದಲ್ಲೇ ಗಾಳಿ ತುಂಬಿ, ಗಾಡಿಯ ಮೇಲಿಟ್ಟು ಎಳೆದುಕೊಂಡು ಹೋಗುವುದೇ ಸರಿ.

ಕಯಾಕ್ ಒಂದೇ ಆದರೆ ಹದಿನೈದು ಕಿಲೋ ಆಸುಪಾಸು. ಹುಟ್ಟು, ಲೈಫ್ ಜಾಕೆಟ್, ಪಂಪು, ನೀರಿನ ಬಾಟಲಿ, ತಿಂಡಿ ಸೇರಿದರೆ ಇಪ್ಪತ್ತೈದು ದಾಟುತ್ತದೆ. ಗಾಡಿಯ ಮೇಲೆ ಅರವತ್ತು ಕಿಲೋ, ಎಂಬತ್ತು ಕಿಲೋ ಅಂತ ಬರೆದಿರುತ್ತಾರೆ, ಅದು ಸಪಾಟಾದ ಗಟ್ಟಿ ನೆಲದ ಲೆಕ್ಕ. ತೋಟದ ದಾರಿಯಲ್ಲಿ ಬೇರಿನ ಮೇಲೆ ಹತ್ತಿ ಧಡ್ ಅಂತ ಇಳಿದಾಗ ಒಂದೇ ಚಕ್ರದ ಮೇಲೆ ಪೂರ್ತಿ ಭಾರ ಬೀಳುತ್ತದೆ. ಆದ್ದರಿಂದ ನಿಮ್ಮ ಭಾರಕ್ಕಿಂತ ಎರಡು ಪಟ್ಟು ಬರೆದಿರುವುದನ್ನೇ ತೆಗೆದುಕೊಳ್ಳಿ.

ಈಗ ಗಾಡಿಯ ಆಕಾರ. ನೀವು ನೋಡಿದ ಹತ್ತಾರರಲ್ಲಿ ಹೆಚ್ಚಿನವು ಗಟ್ಟಿ ಪ್ಲಾಸ್ಟಿಕ್ ಕಯಾಕ್‌ಗೆ ಮಾಡಿದಂಥವು. ಅವುಗಳ ತೋಳು ಮೇಲಕ್ಕೆ ಕವಲೊಡೆದು ನಿಂತಿರುತ್ತವೆ, ಗಟ್ಟಿ ಕಯಾಕ್‌ನ ಉಬ್ಬಿದ ತಳ ಅದರೊಳಗೆ ಕೂರುತ್ತದೆ. ನಿಮ್ಮದರ ತಳ ಚಪ್ಪಟೆ, ಅಗಲ 91 ಸೆಂಟಿಮೀಟರ್, ಉದ್ದ 312. ಆ ಕವಲಿನಲ್ಲಿ ಅದು ಕೂರುವುದಿಲ್ಲ, ಬದಿಗೆ ವಾಲುತ್ತದೆ. ನಿಮಗೆ ಬೇಕಾದದ್ದು ಕಯಾಕ್ ಕೂರುವ ಎರಡು ಉದ್ದ ಅಡ್ಡೆ (ಕೋಲು) ಚಪ್ಪಟೆಯಾಗಿ ಮಲಗಿರುವ, ಮೇಲೆ ದಪ್ಪ ಫೋಮ್ ಇರುವ ಗಾಡಿ. ಅಡ್ಡೆ ಉದ್ದವಿದ್ದಷ್ಟೂ ಒಳ್ಳೆಯದು. ಇಂಥ ಕಯಾಕ್‌ನಲ್ಲಿ ಗಾಳಿಯ ಒತ್ತಡ ಒಂದು ಒಂದೂವರೆ ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಅದೇ ಅಳತೆ) ಮಾತ್ರ, ಹಾಗಾಗಿ ಗಿಡ್ಡ ಗಾಡಿಯನ್ನು ನಡುವೆ ಕೊಟ್ಟು ಎರಡೂ ತುದಿಗೆ ಸಾಮಾನು ಹಾಕಿದರೆ ದೋಸೆ ಮಡಚಿದ ಹಾಗೆ ಮಡಚಿಕೊಳ್ಳುತ್ತದೆ. ಡ್ರಾಪ್ ಸ್ಟಿಚ್ ತಳ, ಅಂದರೆ ಮೇಲಿನ ಕೆಳಗಿನ ಪದರಗಳನ್ನು ಒಳಗಿನ ದಾರಗಳು ಹಿಡಿದಿಟ್ಟ ತಳ, ಇರುವ ಕಯಾಕ್‌ಗಳಿಗೆ ಈ ತೊಂದರೆ ಕಡಿಮೆ. ಅವುಗಳ ತಳದಲ್ಲಿ ಒತ್ತಡ ಜಾಸ್ತಿ, ಹಲಗೆಯಂತೆ ಬಿಗಿಯಾಗಿರುತ್ತದೆ.

ಗಾಡಿಯನ್ನು ಸರಿಯಾಗಿ ನಡುವಿಗೆ ಕೊಡಬೇಡಿ, ಸ್ವಲ್ಪ ಹಿಂದಕ್ಕೆ ಕೊಡಿ. ಮುಂದಿನ ಹಿಡಿಕೆ ಎತ್ತಿದಾಗ ಕೈಗೆ ಎರಡು ಮೂರು ಕಿಲೋ ಭಾರ ಬರಬೇಕು. ತೀರಾ ಹಿಂದಕ್ಕೆ ಹೋದರೆ ಅರ್ಧ ಭಾರ ನಿಮ್ಮ ಕೈಗೇ ಬರುತ್ತದೆ. ತಳದ ರೆಕ್ಕೆಯನ್ನು, ಅದೇ ಸ್ಕೆಗ್ ಅಂತಾರಲ್ಲ, ಬಿಚ್ಚಿ ಒಳಗಿಟ್ಟುಕೊಳ್ಳಿ. ಇಲ್ಲದಿದ್ದರೆ ಅದು ಗಾಡಿಗೆ ತಾಗಿ ಬಾಗುತ್ತದೆ.

ಪಟ್ಟಿಗಳ ಬಗ್ಗೆ ಯಾರೂ ಕೇಳುವುದಿಲ್ಲ, ಆದರೆ ಅರ್ಧ ರಗಳೆ ಅಲ್ಲೇ ಇರುವುದು. ನಿಮ್ಮ ಕಯಾಕ್ ಮೇಲೆ ಹಾದು ಎರಡೂ ಬದಿಯಲ್ಲಿ ಗಾಡಿಗೆ ಬಿಗಿಯಬೇಕಾದರೆ ಒಂದೊಂದು ಪಟ್ಟಿ ಮೂರು ಮೀಟರ್ ಆದರೂ ಬೇಕು. ಗಟ್ಟಿ ಕಯಾಕ್ ಗಾಡಿಯ ಜೊತೆ ಬರುವ ಪಟ್ಟಿ ಸಾಲದೇ ಹೋಗಬಹುದು, ಕೊಳ್ಳುವಾಗಲೇ ಉದ್ದ ಕೇಳಿ. ಒತ್ತಿ ಹಿಡಿಯುವ ಸಾದಾ ಬಕಲ್ ಇರಲಿ. ಲಾರಿಯವರು ಬಿಗಿಯುವ ಥರ ಟಕ ಟಕ ಅನ್ನುವ ರಾಚೆಟ್ ಬೇಡ, ಅದರಲ್ಲಿ ಎಷ್ಟು ಬಿಗಿದೆವು ಅಂತ ಗೊತ್ತಾಗುವುದಿಲ್ಲ, ಗಾಳಿ ಕೊಳವೆ ಹಿಂಡಿಹೋಗುತ್ತದೆ. ಇದಲ್ಲದೆ ಒಂದು ಹಗ್ಗ ಗಾಡಿಯಿಂದ ಮುಂದಿನ ಹಿಡಿಕೆಗೆ ಕಟ್ಟಿ. ಚಕ್ರ ಕಲ್ಲಿಗೆ ತಡೆದಾಗ ಕಯಾಕ್ ಮುಂದೆ ಬಂದು ಗಾಡಿ ಹಿಂದೆ ಉಳಿಯುವ ಆಟ ಆಗ ನಡೆಯುವುದಿಲ್ಲ.

ಚಕ್ರಕ್ಕೆ ಬರೋಣ. ಡಾಂಬರು ಮತ್ತು ತೋಟಕ್ಕೆ 25 ಸೆಂಟಿಮೀಟರ್ ಎತ್ತರದ, ಟ್ಯೂಬ್ ಇರುವ ಗಾಳಿ ಚಕ್ರ ಚೆನ್ನಾಗಿ ಓಡುತ್ತದೆ. ಪಂಕ್ಚರ್ ಆದರೆ ಸೈಕಲ್ ಶಾಪ್‌ನಲ್ಲಿ ರಿಪೇರಿ ಆಗುತ್ತದೆ. ಆದರೆ ಗಾಳಿ ತುಂಬಿಸಲು ಪೆಟ್ರೋಲ್ ಬಂಕ್‌ಗೆ ಒಯ್ಯಬೇಡಿ, ಆ ಸಣ್ಣ ಟ್ಯೂಬ್ ಒಂದೇ ಉಸಿರಿಗೆ ಒಡೆದುಹೋಗುತ್ತದೆ, ಸೈಕಲ್ ಪಂಪ್ ಸಾಕು. ಪಂಕ್ಚರ್ ರಗಳೆಯೇ ಬೇಡ ಅಂದರೆ ಒಳಗೆ ಫೋಮ್ ತುಂಬಿದ ಚಕ್ರ ಸಿಗುತ್ತದೆ, ಸ್ವಲ್ಪ ಬಿರುಸು, ಆದರೆ ನಂಬಬಹುದು. ಪುಟ್ಟ ಗಟ್ಟಿ ಪ್ಲಾಸ್ಟಿಕ್ ಚಕ್ರದವು ಅಗ್ಗಕ್ಕೆ ಸಿಗುತ್ತವೆ, ಅವು ತೋಟದ ಮೊದಲ ಬೇರಿಗೇ ನಿಂತುಬಿಡುತ್ತವೆ. ಮತ್ತೆ ನಿಮ್ಮ ದಾರಿಯಲ್ಲಿ ತಡಮೆ, ಅಂದರೆ ಬೇಲಿ ದಾಟುವ ಅಡ್ಡಗಟ್ಟು, ಇದೆಯೇ? ಇದ್ದರೆ ಗಾಡಿ ಸಮೇತ ಎತ್ತಿ ದಾಟಿಸಬೇಕು, ಹಾಗಾಗಿ ಗಾಡಿಯ ತೂಕವೂ ನೋಡಿ, ನಾಲ್ಕೈದು ಕಿಲೋ ಮೀರದಿರಲಿ.

ಕೆಸರಿಗೆ ಮಾತ್ರ ಯಾವ ಚಕ್ರವೂ ಪೂರ್ತಿ ಉತ್ತರವಲ್ಲ. ಅಲ್ಲಿ ನಿಮ್ಮ ಸಹಾಯಕ್ಕೆ ಬರುವುದು ಭರತ, ಅಂದರೆ ಕಡಲ ನೀರಿನ ಏರಿಕೆ. ಹೊಳೆ ಕಡಲು ಸೇರುವ ನಮ್ಮ ಅಳಿವೆಗಳಲ್ಲಿ ಒಂದು ಭರತದಿಂದ ಮುಂದಿನದಕ್ಕೆ ಸುಮಾರು ಹನ್ನೆರಡೂವರೆ ಗಂಟೆ. ಭರತದಲ್ಲಿ ನೀರು ದಡದ ಹುಲ್ಲಿನವರೆಗೆ ಬಂದಿರುತ್ತದೆ, ಇಳಿತದಲ್ಲಿ ಅದೇ ಜಾಗದಲ್ಲಿ ಮೊಣಕಾಲುದ್ದ ಕೆಸರು. ಭರತ ತುಂಬುವ ಹೊತ್ತಿಗೆ ಹೊರಟು, ಇಳಿತ ಜೋರಾಗುವ ಮೊದಲು ವಾಪಸ್ ಬಂದರೆ ಕೆಸರಿನ ಭಾಗವೇ ಇರುವುದಿಲ್ಲ. ಕಾಂಡ್ಲಾ (ಮ್ಯಾಂಗ್ರೋವ್ ಗಿಡ) ಇರುವ ಕಡೆ ಗಾಡಿ ಇಳಿಸಲೇಬೇಡಿ. ಮೇಲೆ ಚುಚ್ಚಿ ನಿಂತ ಉಸಿರುಬೇರು ಕಯಾಕ್‌ಗೂ ಕೆಟ್ಟದ್ದು, ಆ ಸಸಿಗಳಿಗೆ ನಿಮ್ಮ ಚಕ್ರವೂ ಕೆಟ್ಟದ್ದು.

ಇನ್ನೊಂದು, ಬಿಸಿಲು. ಬೆಳಿಗ್ಗೆ 27 ಡಿಗ್ರಿಯಲ್ಲಿ ಒಂದೂವರೆ ಪಿಎಸ್‌ಐ ತುಂಬಿ, ಬಿಸಿಲಿನಲ್ಲಿ ಒಳಗಿನ ಗಾಳಿ 50 ಡಿಗ್ರಿಗೆ ಕಾಯಿತು ಅಂದುಕೊಳ್ಳಿ. ಕೊಳವೆ ಹಿಗ್ಗದೇ ಇದ್ದರೆ ಒತ್ತಡ 2.7ರ ಹತ್ತಿರ ಹೋಗುತ್ತದೆ. ಕಯಾಕ್‌ನ ಪಿವಿಸಿ ಹಾಳೆ ಸ್ವಲ್ಪ ಹಿಗ್ಗುತ್ತದೆ, ಆದ್ದರಿಂದ ಅಷ್ಟು ಏರುವುದಿಲ್ಲ, ಆದರೂ ಬೆಸುಗೆ ಬಿಡುವುದು ಹೀಗೆಯೇ. ಮೆತ್ತಗೆ ತುಂಬಿದರೆ ಗಾಡಿಯ ಮೇಲೆ ಬಾಗುತ್ತದೆ, ಬಿಗಿಯಾಗಿ ತುಂಬಿದರೆ ಬಿಸಿಲಿಗೆ ಅಪಾಯ. ಹಾಗಾಗಿ ಬೆಳಗಿನ ತಂಪಿನಲ್ಲೇ ಸಾಗಿಸಿ, ದಾರಿಯಲ್ಲಿ ಚಹಾಕ್ಕೆ ನಿಂತರೆ ನೆರಳಲ್ಲಿ ನಿಲ್ಲಿಸಿ.

ಪ್ರಶ್ನೆ: ಮಲ್ಪೆಯಲ್ಲಿ ಒಣ ಮರಳಿನ ಮೇಲೆ ಮಾಮೂಲಿ ಚಕ್ರ ಹೂತುಹೋಗುತ್ತದೆ. ದಪ್ಪಗೆ ಉಬ್ಬಿದ ಮೆತ್ತನೆಯ ಬಲೂನ್ ಚಕ್ರ ಅಂತ ಬರುತ್ತದಲ್ಲ, ಅದಕ್ಕೆ ಅಷ್ಟು ದುಡ್ಡು ಕೊಡಬಹುದೇ? (ಮಲ್ಪೆ)

ಉತ್ತರ: ಮರಳೇ ನಿಮ್ಮ ದಾರಿಯಾದರೆ ಕೊಡಬಹುದು. ಮೆತ್ತನೆಯ ಟೈರು ನೆಲವನ್ನು ಒತ್ತುವುದು ಸುಮಾರಾಗಿ ತನ್ನೊಳಗಿನ ಗಾಳಿಯ ಒತ್ತಡದಷ್ಟೇ. ಮಾಮೂಲಿ ಗಾಡಿ ಚಕ್ರದಲ್ಲಿ 30 ಪಿಎಸ್‌ಐವರೆಗೂ ತುಂಬುತ್ತೇವೆ, ಬಲೂನ್ ಚಕ್ರದಲ್ಲಿ ಎರಡು ಮೂರು. ಒಂಟಿ ಕಾಲಿನಲ್ಲಿ ನಿಂತ ಮನುಷ್ಯನ ಪಾದ ಕೂಡ ಅದಕ್ಕಿಂತ ಜೋರಾಗಿ ಮರಳನ್ನು ಒತ್ತುತ್ತದೆ. ಹಾಗಾಗಿ ನಿಮ್ಮ ಕಾಲು ಹೂಳುವ ಮರಳಿನಲ್ಲೂ ಅದು ಮೇಲೇ ತೇಲಿದಂತೆ ಹೋಗುತ್ತದೆ.

ಆದರೆ ಬೆಲೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ, ಒಳ್ಳೆಯ ಒಂದು ಜೊತೆ ಚಕ್ರಕ್ಕೆ ಸಾಧಾರಣ ಗಾಳಿ ಕಯಾಕ್‌ನಷ್ಟೇ ಬೀಳಬಹುದು. ಮೊದಲು ಒಂದು ಪುಕ್ಕಟೆ ಉಪಾಯ ಮಾಡಿ ನೋಡಿ. ಈಗಿರುವ ಗಾಳಿ ಚಕ್ರದ ಗಾಳಿ ಅರ್ಧಕ್ಕರ್ಧ ಇಳಿಸಿ, ಒಣ ಮರಳನ್ನು ಅತಿ ಕಡಿಮೆ ದೂರದಲ್ಲಿ ದಾಟಿ, ಅಲೆ ಬಂದು ಹೋಗುವ ಒದ್ದೆ ಮರಳಿನ ಮೇಲೆ ಎಳೆಯಿರಿ. ಒದ್ದೆ ಮರಳು ಗಟ್ಟಿ. ಮತ್ತೆ ತಳ್ಳಬೇಡಿ, ಎಳೆಯಿರಿ. ತಳ್ಳಿದರೆ ಚಕ್ರ ಮರಳಿಗೆ ಮೂಗು ತೂರಿಸಿ ನಿಲ್ಲುತ್ತದೆ.

ಬಲೂನ್ ಚಕ್ರದ ಎರಡು ತರಲೆ ಮಾರುವವರು ಹೇಳುವುದಿಲ್ಲ. ಒಂದು, ಚಿಪ್ಪು, ಒಡೆದ ಗಾಜು, ಮುರಕಲ್ಲಿನ ಚೂಪು ಅದಕ್ಕೆ ಆಗಿಬರುವುದಿಲ್ಲ. ಎರಡು, ನೀರಿನಲ್ಲಿ ಅದು ಭಯಂಕರವಾಗಿ ತೇಲುತ್ತದೆ. ವಾಪಸ್ ಬಂದಾಗ ನೀರಿನಲ್ಲೇ ಕಯಾಕ್ ಅಡಿಗೆ ಗಾಡಿ ತೂರಿಸಲು ಹೋದರೆ ಅದು ಪುಟಿದು ಮೇಲೆ ಬರುತ್ತದೆ, ನಾಲ್ಕು ಜನ ನೋಡಿ ನಗುತ್ತಾರೆ. ಮರಳಿನ ಮೇಲೆ ಗಾಡಿ ಇಟ್ಟು ಅದರ ಮೇಲೆ ಕಯಾಕ್ ಎಳೆದುಕೊಳ್ಳಿ.

ನೀವು ಕೇಳದ ವಿಷಯ ಒಂದು ಹೇಳಲೇಬೇಕು. ಇಂಥ ಅಗ್ಗದ ಗಾಳಿ ಕಯಾಕ್ ಶಾಂತ ನೀರಿಗೆ ಮಾಡಿದ್ದು. ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಯೋಚನೆ ಇದ್ದರೆ ಬಿಟ್ಟುಬಿಡಿ. ಬೆಳಗಿನ ಹೊತ್ತು ನಮ್ಮ ಕರಾವಳಿಯಲ್ಲಿ ಗಾಳಿ ನೆಲದಿಂದ ಕಡಲ ಕಡೆಗೆ ಬೀಸುತ್ತದೆ, ನೀರು ಕನ್ನಡಿಯಂತೆ ಕಾಣುತ್ತದೆ, ಹಗುರವಾದ ಈ ಕಯಾಕ್ ಗೊತ್ತಾಗದ ಹಾಗೆ ಒಳಕ್ಕೆ ಹೋಗಿಬಿಡುತ್ತದೆ. ಕೋಡಿ ಬೆಂಗ್ರೆಯ ಒಳಗಡೆ, ಹೊಳೆಯ ಬದಿಯಲ್ಲಿ ಬೇಕಾದಷ್ಟು ನೀರಿದೆಯಲ್ಲ, ಅಲ್ಲಿ ಅಳಿವೆ ಬಾಗಿಲಿನಿಂದ ದೂರ ಇದ್ದು ಆಡಿ.

ಪ್ರಶ್ನೆ: ಗೆಳೆಯ ತನ್ನ ಹಳೇ ಗಾಡಿ ಕೊಡುತ್ತೇನೆ ಅಂತಿದ್ದಾನೆ. ಅದರಲ್ಲಿ ಎರಡು ಕಂಬ ಮೇಲಕ್ಕೆ ನಿಂತಿವೆ, ಕಯಾಕ್‌ನ ತೂತಿನೊಳಗೆ ಹೋಗುವಂಥದ್ದು. ನನ್ನದು ಗಾಳಿ ಕಯಾಕ್. ತೆಗೆದುಕೊಳ್ಳಲೇ? (ಮುಲ್ಕಿ)

ಉತ್ತರ: ಬೇಡ ಮಾರಾಯ್ರೆ. ಅದು ಸ್ಕಪ್ಪರ್ ಗಾಡಿ. ಮೇಲೆ ಕೂತು ಹೋಗುವ ಗಟ್ಟಿ ಪ್ಲಾಸ್ಟಿಕ್ ಕಯಾಕ್‌ನಲ್ಲಿ ನೀರು ಸೋರಿಹೋಗಲು ಆರಪಾರ ತೂತು ಇರುತ್ತದೆ, ಆ ಕಂಬಗಳು ಅದಕ್ಕೆ. ನಿಮ್ಮದರಲ್ಲಿ ನೀರು ಬಸಿಯುವ ಸಣ್ಣ ಬಿರಡೆ ಇದ್ದರೂ ಅದು ಭಾರ ಹೊರುವ ಜಾಗವಲ್ಲ. ಪುಕ್ಕಟೆ ಸಿಕ್ಕಿದರೆ ಚಕ್ರ, ಅಚ್ಚು ಮಾತ್ರ ಬಿಚ್ಚಿಟ್ಟುಕೊಳ್ಳಿ, ಮುಂದಿನ ಪ್ರಶ್ನೆಯವರ ಹಾಗೆ ಏನಾದರೂ ಮಾಡಬಹುದು.

ಪ್ರಶ್ನೆ: ನಮ್ಮಲ್ಲಿ ವೆಲ್ಡಿಂಗ್ ಶಾಪ್ ಇದೆ. ಅಣ್ಣಾ, ನಾನೇ ಒಂದು ಮಾಡಿಕೊಳ್ಳಬೇಕು ಅಂತಿದ್ದೇನೆ. ಪಿವಿಸಿ ಪೈಪ್ ಒಳ್ಳೆಯದೋ, ಕಬ್ಬಿಣವೋ? ಅಳತೆ ಹೇಳಿ. (ಹೊನ್ನಾವರ)

ಉತ್ತರ: ಮಾಡು ತಮ್ಮಾ, ಕೊಳ್ಳುವುದಕ್ಕಿಂತ ಚೆನ್ನಾಗಿಯೇ ಮಾಡಬಹುದು. ಶರಾವತಿ ದಡದಲ್ಲಿ ಇದ್ದುಕೊಂಡು ಕಯಾಕ್ ಮೂಲೆಯಲ್ಲಿ ಬಿದ್ದಿರಬಾರದು.

ಎಲ್ಲರೂ ತಪ್ಪುವುದು ಒಂದೇ ಕಡೆ, ಎತ್ತರದಲ್ಲಿ. ಚಕ್ರ 25 ಸೆಂಟಿಮೀಟರ್ ಅಂದರೆ ಅಚ್ಚು ನೆಲದಿಂದ ಹನ್ನೆರಡೂವರೆಯಲ್ಲಿರುತ್ತದೆ, ಚಕ್ರದ ತಲೆ 25ರಲ್ಲಿ. ಅಚ್ಚಿನ ಮೇಲೆಯೇ ಅಡ್ಡೆ ಕೂರಿಸಿದರೆ ಕಯಾಕ್‌ನ ತಳ ಎರಡೂ ಬದಿಯಲ್ಲಿ ಚಕ್ರಕ್ಕೆ ಉಜ್ಜುತ್ತದೆ, ಅರ್ಧ ಕಿಲೋಮೀಟರ್‌ನಲ್ಲಿ ಪಿವಿಸಿ ಸವೆದು ಹೊಳೆಯುತ್ತಿರುತ್ತದೆ. ಅಡ್ಡೆಯ ಮೇಲ್ಭಾಗ ಚಕ್ರದ ತಲೆಗಿಂತ ಐದಾರು ಸೆಂಟಿಮೀಟರ್ ಮೇಲಿರಲಿ, ಏಕೆಂದರೆ ಗಾಳಿ ಕಯಾಕ್‌ನ ತಳ ಜೋಲುತ್ತದೆ. ಚಕ್ರಗಳ ನಡುವೆ 55-60 ಸೆಂಟಿಮೀಟರ್ ಕೊಡು, ಅದಕ್ಕಿಂತ ಕಿರಿದಾದರೆ ತಿರುವಿನಲ್ಲಿ ಮಗುಚುತ್ತದೆ.

ಪಿವಿಸಿ ಪೈಪ್ ಚೌಕಟ್ಟಿಗೆ ಸಾಕು, ಹಗುರ, ತುಕ್ಕಿಲ್ಲ. ಅಚ್ಚಿಗೆ ಮಾತ್ರ ಬೇಡ, ಬಗ್ಗಿ ಚಕ್ರ ವಾಲುತ್ತದೆ. ಅಚ್ಚಿಗೆ 12 ಮಿಲಿಮೀಟರ್ ಸ್ಟೇನ್‌ಲೆಸ್ ರಾಡು ಹಾಕು. ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿನಲ್ಲಿ ಮಾಡಿದರೆ ವೆಲ್ಡ್ ಮಾಡಿದ ಜಾಗದಲ್ಲಿ ಸತುವಿನ ಲೇಪ ಸುಟ್ಟುಹೋಗಿರುತ್ತದೆ, ಉಪ್ಪುನೀರು ಅಲ್ಲಿಂದಲೇ ಶುರು ಮಾಡುತ್ತದೆ, ಹಾಗಾಗಿ ಅಲ್ಲಿ ಜಿಂಕ್ ಪ್ರೈಮರ್ ಬಳಿದುಬಿಡು. ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಕೊಳವೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಅಡ್ಡೆಗೆ ತೊಡಿಸು. ಪೈಪಿನ ತುದಿಗಳಿಗೆಲ್ಲ ಮುಚ್ಚಳ ಇರಲಿ. ಬೋಲ್ಟಿನ ತಲೆ ಒಂದೂ ಮೇಲೆ ಚಾಚಿರಬಾರದು, ಕೈಯಾಡಿಸಿ ನೋಡು, ಕೈಗೆ ಚುಚ್ಚಿದ್ದು ಕಯಾಕ್‌ಗೂ ಚುಚ್ಚುತ್ತದೆ.

ಚಕ್ರ ಹಿಡಿದಿಡುವ ಕಾಟರ್ ಪಿನ್ನನ್ನು ದಾರ ಕಟ್ಟಿ ಚೌಕಟ್ಟಿಗೆ ಬಿಗಿ. ಮರಳಲ್ಲಿ ಬಿದ್ದ ಪಿನ್ನು ಸಿಕ್ಕಿದ ಕಥೆ ನಾನಂತೂ ಕೇಳಿಲ್ಲ. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆ, ಚಕ್ರ ಬಿಚ್ಚಿ ಅಚ್ಚೂ ತೊಳೆ. ಗ್ರೀಸ್ ಹಚ್ಚಬೇಡ, ಮರಳು ಅಂಟಿ ಉಜ್ಜುಕಾಗದದ ಕೆಲಸ ಮಾಡುತ್ತದೆ.

ಪ್ರಶ್ನೆ: ನಾವು ಬೆಂಗಳೂರಿನವರು, ಕಾರಿಲ್ಲ. ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಕುಂದಾಪುರಕ್ಕೆ ಕಯಾಕ್ ತೆಗೆದುಕೊಂಡು ಹೋಗಬೇಕು. ಗಾಡಿ ಬೇಕೇ? (ರಾಜಾಜಿನಗರ)

ಉತ್ತರ: ಕಯಾಕ್ ಗಾಡಿ ಬೇಡ, ಟ್ರಾಲಿ ಬೇಕು. ಸ್ಲೀಪರ್‌ನಲ್ಲಿ ಒಬ್ಬರಿಗೆ 40 ಕಿಲೋ ಸಾಮಾನು ಪುಕ್ಕಟೆ, ಹಾಗಾಗಿ ತೂಕದ ಚಿಂತೆಯಿಲ್ಲ. ಚಿಂತೆ ಇರುವುದು ಸ್ಟೇಷನ್ನಿನ ಮೆಟ್ಟಿಲಿನದ್ದು, ಆಮೇಲೆ ಸೀಟಿನ ಕೆಳಗಿನ ಜಾಗದ್ದು. ಕಂಪನಿ ಕೊಟ್ಟ ಚೀಲ ಸಾಮಾನ್ಯವಾಗಿ ತೆಳು, ಹಿಡಿಕೆ ಮೊದಲು ಕಿತ್ತುಬರುತ್ತದೆ. ಟ್ರಾಲಿಯ ಚಕ್ರ ಹದಿನೈದು ಸೆಂಟಿಮೀಟರ್ ಆದರೂ ಇರಲಿ, ಸೂಟ್‌ಕೇಸಿನ ಪುಟ್ಟ ಚಕ್ರ ಪ್ಲಾಟ್‌ಫಾರ್ಮ್ ಇಳಿದ ಮೇಲೆ ಕೆಲಸಕ್ಕೆ ಬರುವುದಿಲ್ಲ. ಭಾರದ ತುದಿ ಕೆಳಗೆ ಬರುವ ಹಾಗೆ ಕಟ್ಟಿ. ಎಲಾಸ್ಟಿಕ್ ಹಗ್ಗದ ಕಬ್ಬಿಣದ ಕೊಕ್ಕೆಗೆ ಬಟ್ಟೆ ಸುತ್ತಿ, ಇಲ್ಲದಿದ್ದರೆ ಮೊದಲ ತೂತು ರೈಲಿನಲ್ಲೇ.

ಹುಟ್ಟು ಹಾಕುವಾಗ ಟ್ರಾಲಿ ಎಲ್ಲಿಡುವುದು ಅಂತ ಈಗಲೇ ಯೋಚಿಸಿ. ಒಳಗೆ ಇಟ್ಟುಕೊಳ್ಳುವುದಾದರೆ ಮಡಚಿ, ಕೆಳಗೆ ದಪ್ಪ ಟವೆಲ್ ಹಾಕಿ, ಹಗ್ಗದಿಂದ ಕಟ್ಟಿಡಿ. ದಡದಲ್ಲಿ ಬಿಡುವುದಾದರೆ ಹತ್ತಿರದ ಮನೆಯವರನ್ನು ಕೇಳಿ, ಬೇಡ ಅನ್ನುವವರು ಕಡಿಮೆ. ಮತ್ತೆ ಅದೇ ರಾತ್ರಿ ವಾಪಸ್ ರೈಲು ಹತ್ತುವ ಯೋಜನೆ ಇದ್ದರೆ ಒಣಗಿಸಲು ಮಧ್ಯಾಹ್ನದ ಹೊತ್ತು ಬಿಟ್ಟುಕೊಳ್ಳಿ, ಒದ್ದೆ ಮಡಚಿದ ಕಯಾಕ್ ಬೆಂಗಳೂರು ಮುಟ್ಟುವಾಗ ವಾಸನೆ ಹೊಡೆಯುತ್ತಿರುತ್ತದೆ, ಪಕ್ಕದವರಿಗೂ ಕಷ್ಟ.

ಪ್ರಶ್ನೆ: ಮಗಳು ಸಿಯಾಟಲ್‌ನಿಂದ ಬರುವಾಗ ಕಯಾಕ್ ಗಾಡಿ ತರುತ್ತೇನೆ ಅಂತಿದ್ದಾಳೆ. ಅಲ್ಲಿಂದ ತರಿಸುವುದು ದಂಡವೇ? (ಶಿರಸಿ)

ಉತ್ತರ: ಪೂರ್ತಿ ಗಾಡಿ ತರಿಸಿದರೆ ದಂಡವೇ ಅಮ್ಮಾ. ವಿಮಾನದ ಒಂದು ಚೀಲಕ್ಕೆ ಸಾಮಾನ್ಯವಾಗಿ 23 ಕಿಲೋ ಮಿತಿ, ಅದರಲ್ಲಿ ಅಲ್ಯೂಮಿನಿಯಂ ಪೈಪ್ ಯಾಕೆ ಹೊರಬೇಕು? ಬಲೂನ್ ಚಕ್ರ ಮಾತ್ರ ತರಲು ಹೇಳಿ. ಗಾಳಿ ತೆಗೆದರೆ ಬಟ್ಟೆಗಳ ನಡುವೆ ಹಿಡಿಯುತ್ತದೆ. ಯಾವ ದಪ್ಪದ ಅಚ್ಚಿಗೆ ಆ ಚಕ್ರ ಹೊಂದುತ್ತದೆ ಅಂತ ಅವಳೇ ಅಳೆದು ಬರೆದುಕೊಂಡು ಬರಲಿ, ಚೌಕಟ್ಟನ್ನು ಇಲ್ಲಿ ಮಾಡಿಸಿ. ಬ್ಯಾಟರಿ ಪಂಪು ತರುವುದಿದ್ದರೆ ಬಿಡಿ ಲಿಥಿಯಂ ಬ್ಯಾಟರಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಕೆಳಗೆ ಹಾಕುವ ಚೀಲದಲ್ಲಿ ಬಿಡುವುದಿಲ್ಲ. ಅಲ್ಲಿಯ ಕೆರೆಯಲ್ಲಿ ಬಳಸಿದ ಚಕ್ರವಾದರೆ ಮಣ್ಣು ಕಳೆ ಇಲ್ಲದಂತೆ ತೊಳೆದು ಒಣಗಿಸಿ ತರಲಿ. ಪರದೇಶದ ನೇರಳೆ ಹೂವಿನ ವಾಟರ್ ಹಯಸಿಂತ್ ನಮ್ಮ ಕೆರೆಗಳನ್ನು ಏನು ಮಾಡಿದೆ ಅಂತ ನೋಡಿದ್ದೀರಲ್ವಾ.

ಪ್ರಶ್ನೆ: ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಗಾಡಿ ಇದ್ದರೆ ಎರಡೂ ಕಡೆ ಇಳಿಸಬಹುದಲ್ಲ? (ಬೈಂದೂರು)

ಉತ್ತರ: ನಡುವೆ ಇರುವುದು ರಾಷ್ಟ್ರೀಯ ಹೆದ್ದಾರಿ 66. ಮೂರು ಮೀಟರ್ ಉದ್ದದ ಕಯಾಕ್ ಗಾಡಿಯ ಮೇಲಿಟ್ಟುಕೊಂಡು ಲಾರಿಗಳ ನಡುವೆ ರಸ್ತೆ ದಾಟುವುದು ಸಾಹಸವಲ್ಲ, ಹುಚ್ಚು. ಕಡಲ ಬದಿಯಲ್ಲಿ ಕಲ್ಲೂ ಇದೆ. ಹೊಳೆಯ ಬದಿಗೇ ಬನ್ನಿ, ಇಳಿಯುವ ಜಾಗ ಮೊದಲು ಬರಿಗೈಯಲ್ಲಿ ನಡೆದು ನೋಡಿ, ಮೆಟ್ಟಿಲಿದ್ದರೆ ಗಾಡಿ ಬಿಚ್ಚಿ ಇಬ್ಬರು ಎತ್ತಿ ಇಳಿಸಿ.